ವೇಣೂರಿನ ಹಳೆಯ ದಾರಿ ಮತ್ತು ಒಂದು ಪಿನ್ನು

ನನ್ನ ಕರಿಮಣಿ ಸರದಲ್ಲಿ ತಾಳಿಯ ಪಕ್ಕಕ್ಕೆ ಯಾವಾಗಲೂ ಒಂದು ಸೇಫ್ಟಿ ಪಿನ್ನು ನೇತಾಡುತ್ತಿರುತ್ತದೆ. ಅದು ಆಭರಣವಲ್ಲ, ಆಪದ್ಧನ. ಸೆರಗು ಜಾರಿದಾಗ, ಚೀಲದ ಕೈ ಕಿತ್ತಾಗ, ಅಂಗಾಲಿಗೆ ಮುಳ್ಳು ಹೊಕ್ಕಾಗ, ಹವಾಯಿ ಚಪ್ಪಲಿಯ ಬಾರು ತೂತಿನಿಂದ ಕಳಚಿ ಬಂದಾಗ, ಹೀಗೆ ಸೃಷ್ಟಿಯ ಸಮಸ್ತ ಶೈಥಿಲ್ಯಕ್ಕೂ ಇಷ್ಟು ಸಣ್ಣ ವಸ್ತು ಉತ್ತರವಾಗುವುದನ್ನು ಕಂಡು ನಾನು ಬಹಳ ಸಲ ಬೆರಗಾಗಿದ್ದೇನೆ. ನಮ್ಮ ಯಜಮಾನರು ಮಾತ್ರ ಅದನ್ನು ಚಿನ್ನದ ಸರದ ಕಬ್ಬಿಣದ ಪದಕವೆಂದು ಹಾಸ್ಯ ಮಾಡುವವರು. ಅಂಗಿಯ ಗುಂಡಿ ಕಿತ್ತುಹೋದ ದಿನ ಮಾತ್ರ ಮಾತಿಲ್ಲದೆ ಆ ಪದಕದ ಕಡೆಗೇ ಕೈ ಚಾಚುವವರು.

ಈ ಪಿನ್ನು ಜೊತೆಯಲ್ಲಿಲ್ಲದೆ ನಾನೊಮ್ಮೆ ಮೂರು ಮೈಲು ಬರಿಗಾಲಲ್ಲಿ ನಡೆದದ್ದುಂಟು. ನಿಮಗೆ ಅವಸರವಿಲ್ಲದಿದ್ದರೆ ಜೊತೆಗೆ ಬನ್ನಿ. ಆ ದಾರಿಯೂ ಅವಸರದವರದ್ದಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮೂಡಬಿದಿರೆಯಲ್ಲಿ ನಾನು ಪಾಠ ಹೇಳುತ್ತಿದ್ದ ಶಾಲೆಯಿಂದ ಪದ್ಮರಾಜ ಮಾಸ್ತರರು ಆಗಷ್ಟೇ ನಿವೃತ್ತರಾಗಿದ್ದರು. ನಲುವತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆಯದ ಬದುಕು ಅವರಿಗೆ ರುಚಿಸಲಿಲ್ಲವೆಂದು ತೋರುತ್ತದೆ. ದೀಪಾವಳಿ ಕಳೆದ ಮೊದಲ ಭಾನುವಾರ ಆಸಕ್ತರನ್ನು ವೇಣೂರಿಗೆ ಹಳೆಯ ಗಾಡಿದಾರಿಯಲ್ಲಿ ನಡೆಸಿಕೊಂಡು ಹೋಗುವುದಾಗಿ ಘೋಷಿಸಿದರು. ಬಸ್ಸು ಇರುವಾಗ ನಡೆಯುವುದು ಯಾಕೆಂದು ಊರಿಗೆ ಊರೇ ಕೇಳಿತು. ಆದರೂ ಹನ್ನೆರಡು ಮಂದಿ ಸೇರಿದೆವು. ಹೆಚ್ಚಿನವರು ಮಾಸ್ತರರ ಹಳೆಯ ಶಿಷ್ಯರು, ಬರುವುದಿಲ್ಲವೆನ್ನಲು ಈಗಲೂ ಧೈರ್ಯವಿಲ್ಲದವರು. ಬಂಟ್ವಾಳದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಬ್ಯಾಂಕಿನ ಗುಮಾಸ್ತ ಸದಾನಂದ, ಭಾನುವಾರ ಊಟದ ಹೋಟೆಲು ಮುಚ್ಚಿರುತ್ತದೆಂಬ ಒಂದೇ ಕಾರಣಕ್ಕೆ ಬಂದಿದ್ದ.

ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟ ಹರಿವಾಣದಂತಿತ್ತು. ಕೊಯ್ದ ಗದ್ದೆಗಳಲ್ಲಿ ಬೈಹುಲ್ಲಿನ ವಾಸನೆ. ಕೆಂಪು ಮುರಕಲ್ಲನ್ನು ಕಡಿದು ಮಾಡಿದ ಓಣಿಯ ಎರಡೂ ಬದಿಗಳಲ್ಲಿ ಇನ್ನೂ ಒಣಗದ ಪಾಚಿ. ಮಾಸ್ತರರು ಕೊಡೆಯ ತುದಿಗೆ ಕೆಂಪು ಕರವಸ್ತ್ರ ಕಟ್ಟಿಕೊಂಡು ಮುಂದೆ ನಡೆಯುತ್ತ, ವಿವರಣೆಗೆ ಮಾತ್ರ ತರಗತಿಯಲ್ಲಿದ್ದಂತೆ ನಮ್ಮತ್ತ ಮುಖ ಮಾಡುತ್ತಿದ್ದರು. ಹೀಗೆ ಹಿಮ್ಮುಖವಾಗಿ ಇತಿಹಾಸ ಬೋಧಿಸುತ್ತ ಎರಡು ಸಲ ವರ್ತಮಾನದ ಸಗಣಿಗೆ ಕಾಲಿಟ್ಟರು. ಎತ್ತುಗಳು ನೀರು ಕುಡಿಯುತ್ತಿದ್ದ ಕಲ್ಲಿನ ಮರಿಗೆ, ಹೊರೆ ಇಳಿಸುತ್ತಿದ್ದ ಕಟ್ಟೆ, ಚಕ್ರಗಳು ಸವೆಸಿದ ಗೆರೆ ಎಲ್ಲವನ್ನೂ ತೋರಿಸಿದರು. ಕೊನೆಗೆ ಪ್ರತಿ ಸಲವೂ ಬರುತ್ತಿದ್ದದ್ದು ಒಂದೇ ಮಾತು: ಈ ದಾರಿಯ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು, ಅವರ ಬಾಯಾರಿಕೆ ತೀರುವ ಮೊದಲು ಯಾರು, ಎಲ್ಲಿಗೆ ಎಂದು ಕೇಳುವ ಕ್ರಮವಿಲ್ಲ. ಅಂಥ ಔದಾರ್ಯ ಈಗೆಲ್ಲಿ ಎಂದು ನಿಟ್ಟುಸಿರು ಬೇರೆ.

ವೇಣೂರಿಗೆ ಇನ್ನು ಮೂರು ಮೈಲು ಇರುವಾಗ, ಹನ್ನೊಂದು ಗಂಟೆಯ ಹೊತ್ತಿಗೆ, ನೀರು ಕೇಳಲೆಂದು ದಾರಿಬದಿಯ ಒಂದು ಮನೆಯ ಅಂಗಳಕ್ಕೆ ಇಳಿದೆವು. ಇಳಿದೆವೋ ಇಲ್ಲವೋ, ಆ ಮನೆಯ ಯಜಮಾನರು ಶಾಲು ಸರಿಪಡಿಸುತ್ತ ಧಾವಿಸಿ ಬಂದರು. ಕಾಲಿಗೆ ನೀರು ಬಂತು, ಹೊಸ ಚಾಪೆ ಬಿಚ್ಚಿಕೊಂಡಿತು, ಬೆಲ್ಲ ಬಂತು, ಹಿಂದೆಯೇ ಬಿಸಿಬಿಸಿ ಕರಿದ ಗೋಳಿಬಜೆ ಬಂತು. ಮಾಸ್ತರರು ನಮ್ಮತ್ತ ವಿಜಯದ ನೋಟ ಬೀರಿದರು. ಮಲ್ಲಿಗೆ ಮುಡಿದ ಮನೆಮಗಳು, ಇಪ್ಪತ್ತೇಳು-ಇಪ್ಪತ್ತೆಂಟರ ವಾರಿಜ, ತುಪ್ಪ ಜಿನುಗುವ ಶೀರಾ ತಂದಾಗಲಂತೂ ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ. ನಾವು ಆರು ಗಂಟೆಗೆ ಹೊರಟವರು. ಸಂಕೋಚ ಎಂಬುದು ಎರಡನೆಯ ಬಜೆಗೇ ಮುಗಿದಿತ್ತು.

ಯಜಮಾನರು ಸದಾನಂದನ ಪಕ್ಕದಲ್ಲೇ ಕುಳಿತು, ಬಂಟ್ವಾಳದ ಕಡೆಯವರಲ್ಲವೇ ಎಂದು ಖಚಿತಪಡಿಸಿಕೊಂಡು, ಬ್ಯಾಂಕಿನ ಕೆಲಸ ಎಂದು ಕೇಳಿ ಇನ್ನಷ್ಟು ಹತ್ತಿರ ಸರಿದರು.

“ನಮ್ಮ ವಿಷಯ ಎಲ್ಲ ನಿಮಗೆ ಗೊತ್ತುಂಟಲ್ಲ,” ಎಂದರು ಮೆಲ್ಲಗೆ.

ಸಾಲದ ವಿಚಾರವೆಂದು ತಿಳಿದ ಸದಾನಂದ ಬಜೆ ನುಂಗಿಕೊಂಡು, “ನನ್ನ ಕೈಯಲ್ಲಿ ಏನಿಲ್ಲ, ಎಲ್ಲ ದೊಡ್ಡವರು ನೋಡಿ ಹೇಳ್ಬೇಕಷ್ಟೆ,” ಎಂದ. ಯಜಮಾನರು ಹುಡುಗನ ವಿನಯಕ್ಕೆ ತಲೆದೂಗಿ, ದೊಡ್ಡವರಾದ ಮಾಸ್ತರರ ಬಟ್ಟಲಿಗೆ ಇನ್ನೊಂದು ಸೌಟು ಶೀರಾ ಹಾಕಿಸಿದರು.

ದಿನದಿನದ ಸಣ್ಣಪುಟ್ಟದ್ದನ್ನು ಗಮನಿಸುವ ಅಭ್ಯಾಸ ನನಗೆ ಮೊದಲಿನಿಂದಲೂ ಉಂಟು. ಬಾಗಿಲಿಗೆ ಆ ಬೆಳಗ್ಗೆ ಕಟ್ಟಿದ ಮಾವಿನೆಲೆ, ಹರಿವಾಣದಲ್ಲಿ ಜೋಡಿಸಿಟ್ಟ ವೀಳ್ಯ, ಮಡಿಕೆಯ ಗೆರೆ ಮಾಸದ ಸೀರೆ. ಹಾದಿಹೋಕರಿಗೆ ಇಷ್ಟು ಸಿದ್ಧತೆ ಯಾವ ಶತಮಾನದಲ್ಲೂ ಇರಲಾರದು ಎನಿಸಿ, ಚೊಂಬು ಹಿಂದಿರುಗಿಸುವ ನೆಪದಲ್ಲಿ ಒಳಗೆ ಹೋದೆ. ವಾರಿಜ ಸೆರಗಿನ ನೆರಿಗೆಯನ್ನು ಭುಜದ ಮೇಲೆ ಒತ್ತಿ ಹಿಡಿದು ನಿಂತಿದ್ದಳು, ಪಿನ್ನು ಮುರಿದಿತ್ತು. ನನ್ನದನ್ನು ಬಿಚ್ಚಿ ಚುಚ್ಚುತ್ತ, ಇದೆಲ್ಲ ಯಾರಿಗೆ ಮಾಡಿದ್ದೆಂದು ಕೇಳಿದೆ.

“ನಿಮಗಂತೂ ಅಲ್ಲ ಟೀಚರ್. ನೀವು ಗಂಡಿನ ಕಡೆಯವರಲ್ಲ ಅಂತ ನನಗೆ ಆಗಲೇ ಗೊತ್ತಾಯ್ತು. ಹೆಣ್ಣು ನೋಡ್ಲಿಕ್ಕೆ ಬಂದವರು ಇಷ್ಟು ಹಸಿವಿನಲ್ಲಿ ತಿನ್ನುವುದಿಲ್ಲ.”

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ನಗು ಅವಳದ್ದು ಮೊದಲು ನಿಂತಿತು. ಬಂಟ್ವಾಳದ ನಿಜವಾದ ಗಂಡಿನ ಕಡೆಯವರು ಬಸ್ಸಿನಲ್ಲಿ ವೇಣೂರಿಗೆ ಬಂದು, ಅಲ್ಲಿಂದ ನಡೆದು ಮಧ್ಯಾಹ್ನದೊಳಗೆ ಮುಟ್ಟುವವರಿದ್ದರು. ಅವಳನ್ನು ನೋಡಲು ಬರುವವರಲ್ಲಿ ಇವರು ನಾಲ್ಕನೆಯವರು.

“ಅಪ್ಪ ನಾಲ್ಕು ದಿನದಿಂದ ಅಂಗಳ ಸಾರಿಸ್ತಿದ್ದಾರೆ. ಅವರು ಬಂದು, ಎಲ್ಲರ ಎದುರು ಅಪ್ಪನಿಗೆ ಇದು ಗೊತ್ತಾಗುವುದು ಬೇಡ. ಯಾರಾದರೂ ಮೊದಲೇ ಹೇಳಿ, ಟೀಚರ್. ನಾನು ಹೇಳಿದರೆ ನಾಚಿಕೆಯಲ್ಲಿ ಅಪ್ಪ ನನ್ನ ಮುಖ ನೋಡ್ಲಿಕ್ಕಿಲ್ಲ.”

ನಾನು ಮಾಸ್ತರರ ಕಿವಿಯಲ್ಲಿ ಹೇಳಿದೆ. ಬಾಯಿಗೆ ಹೋಗುತ್ತಿದ್ದ ಶೀರಾ ಬಟ್ಟಲಿಗೆ ಮರಳಿತು. ನಲುವತ್ತು ವರ್ಷ ಕೊನೆಯ ಬೆಂಚಿಗೂ ಕೇಳಿಸಿದ ಆ ಕಂಠ, ಅಂಗಳದ ಮೂಲೆಯ ಕಲ್ಲಿನ ಮರಿಗೆಯ ಬಳಿ ಯಜಮಾನರನ್ನು ಕರೆದೊಯ್ದು ಏನು ಹೇಳಿತೋ ನಮಗ್ಯಾರಿಗೂ ಕೇಳಿಸಲಿಲ್ಲ. ಯಜಮಾನರು ಮರಿಗೆಯ ನೀರಿನಲ್ಲಿ ಕೈ ತೊಳೆದು ಶಾಲಿನ ತುದಿಗೆ ಒರೆಸಿಕೊಂಡರು. ನಾವು ಕೈಯಲ್ಲಿದ್ದದ್ದನ್ನು ಇಡಲೂ ಆಗದೆ, ತಿನ್ನಲೂ ಆಗದೆ ಕಳ್ಳರಂತೆ ಕುಳಿತಿದ್ದೆವು. ಅವರು ಹಿಂದಿರುಗಿದಾಗ ಎಲ್ಲರೂ ಎದ್ದು ನಿಂತೆವು.

“ಶೀರಾಕ್ಕೆ ಸಕ್ಕರೆ ಸಮ ಆಗಿತ್ತಾ?” ಎಂದು ಕೇಳಿದರು.

ಸದಾನಂದ ಹೌದೆಂದು ತಲೆಯಾಡಿಸಿದ.

“ಹಾಗಾದ್ರೆ ಕೂತ್ಕೊಳ್ಳಿ. ಕಾಫಿ ಕುಡಿಯದೆ ಏಳುವ ಕ್ರಮ ಇಲ್ಲ ಇಲ್ಲಿ.”

ಬೆಳಗಿನಿಂದ ನಾವು ಹುಡುಕುತ್ತ ಬಂದ ಔದಾರ್ಯ ಬಟ್ಟಲು ತುಂಬಿದ್ದಾಗ ನಮ್ಮೆದುರು ಇರಲಿಲ್ಲ. ಆ ಶೀರಾ ಇನ್ಯಾರದೋ ಪಾಲು. ನಾವು ಯಾರೂ ಅಲ್ಲವೆಂದು ತಿಳಿದ ಮೇಲೆ ಬಂತಲ್ಲ ಆ ಕಾಫಿ, ಸಕ್ಕರೆ ತುಸು ಕಡಿಮೆ ಇದ್ದ ಆ ಕಾಫಿಯೇ ಆ ದಾರಿಯದ್ದು. ಮಾಸ್ತರರು ಅದನ್ನು ತಲೆ ತಗ್ಗಿಸಿ ಕುಡಿದರು, ವಿವರಣೆ ಕೊಡಲಿಲ್ಲ.

ಆಮೇಲೆ, ನಾವು ತಿಂದು ಮುಗಿಸಿದ್ದನ್ನು ಮತ್ತೆ ಮಾಡಿಡಲು, ನಮ್ಮಲ್ಲಿದ್ದ ಹೆಂಗಸರೆಲ್ಲ ಅಡುಗೆಮನೆಗೆ ನುಗ್ಗಿದೆವು. ಒಬ್ಬರು ರವೆ ಹುರಿದರು, ಒಬ್ಬರು ಬಟ್ಟಲು ತೊಳೆದರು, ನಾನು ಬಜೆಯ ಹಿಟ್ಟು ಕಲಸಿದೆ. ಸದಾನಂದ ಯಾರ ಮುಖವನ್ನೂ ನೋಡದೆ ಬಾವಿಯಿಂದ ಬೇಕಾದದ್ದಕ್ಕಿಂತ ಹೆಚ್ಚೇ ನೀರು ಸೇದಿದ. ಇನ್ನೂ ಶೀರಾ ಒಲೆಯ ಮೇಲಿರುವಾಗ ನಾವು ಹೊರಟೆವು. ಎರಡು ಗದ್ದೆ ದಾಟುವಷ್ಟರಲ್ಲಿ ನನ್ನ ಚಪ್ಪಲಿಯ ಬಾರು ಕಿತ್ತಿತು. ಕೈ ಕರಿಮಣಿಗೆ ಹೋಗಿ ಬರಿದೇ ಹಿಂದೆ ಬಂತು.

ಮುಂದಿನ ಕಟ್ಟೆಯ ಬಳಿ ಇಸ್ತ್ರಿ ಮಾಡಿದ ಬಟ್ಟೆಯ ನಾಲ್ವರು ಎದುರಾಗಿ, ಆ ಮನೆಗೆ ದಾರಿ ಯಾವುದೆಂದು ಕೇಳಿದರು. ಮಾಸ್ತರರು ಒಂದು ಕ್ಷಣ ಯೋಚಿಸಿ, ಈ ಕಡೆ ನೀರು ದಾಟುವ ಸಂಕ ಮುರಿದಿದೆಯೆಂದೂ ತೋಡಿನ ಆಚೆಯಿಂದ ಬಳಸಿ ಹೋಗಬೇಕೆಂದೂ ಕೊಡೆ ತೋರಿಸಿ ಹೇಳಿದರು. ನಾವು ಆಗಷ್ಟೇ ದಾಟಿ ಬಂದ ಸಂಕ ಅದು. ಬದುಕಿನಲ್ಲಿ ಅವರು ಯಾರಿಗಾದರೂ ತಪ್ಪು ದಾರಿ ತೋರಿಸಿದ್ದು ಅದೊಂದೇ ಸಲವಿರಬೇಕು. ಶೀರಾ ಇಳಿಸಲು ಅರ್ಧ ಗಂಟೆ ಸಿಕ್ಕಿತು. ಅಲ್ಲಿಂದ ವೇಣೂರಿನವರೆಗೆ ಮಾಸ್ತರರು ಮುಂದೆ ನೋಡಿಕೊಂಡೇ ನಡೆದರು, ನಾನು ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ.

ಆ ಬಂಟ್ವಾಳದವರು ತಿಳಿಸುತ್ತೇವೆಂದು ಹೋದವರು ತಿಳಿಸಲಿಲ್ಲ. ಇದು ನನಗೆ ಗೊತ್ತಾದದ್ದು ಮರುವರ್ಷ, ಅದೇ ಭಾನುವಾರ, ಅದೇ ಅಂಗಳದಲ್ಲಿ. ಯಜಮಾನರು ಬೆಲ್ಲದ ತಟ್ಟೆ ಹಿಡಿದು ಬೇಲಿಯ ದಣಪೆಯ ಬಳಿಯೇ ನಿಂತಿದ್ದರು, ಕೊಡುವ ಮೊದಲು, ಕ್ರಮ ಮುರಿದು, “ನೀವೆಲ್ಲ ಯಾರು, ಎಲ್ಲಿಗೆ ಹೊರಟದ್ದು?” ಎಂದು ಗಂಭೀರವಾಗಿ ಕೇಳಿ ನಮ್ಮನ್ನು ನಗಿಸಿದರು. ನಾವು ಏಳುವ ಹೊತ್ತಿಗೆ ವಾರಿಜ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು.

“ನಾನೂ ಬರ್ತೇನೆ ಅಪ್ಪ. ಯಾವಾಗಲೂ ಬಂದವರು ನೋಡಿ ಹೋಗುವುದಲ್ಲವಾ. ನಾನೊಮ್ಮೆ ಹೋಗಿ ನೋಡಿ ಬರ್ತೇನೆ.”

ಯಜಮಾನರು ಅವಳನ್ನೊಮ್ಮೆ, ದಾರಿಯನ್ನೊಮ್ಮೆ ನೋಡಿ, ಬಿಸಿಲು ಏರುತ್ತದೆಂದು ತಮ್ಮ ಕೊಡೆ ಕೊಟ್ಟರು.

ಎರಡು ಗದ್ದೆ ದಾಟುವಷ್ಟರಲ್ಲಿ ನನ್ನ ಚಪ್ಪಲಿ ತನ್ನ ಸಂಪ್ರದಾಯ ಪಾಲಿಸಿತು. ನಾನು ಕರಿಮಣಿಗೆ ಕೈ ಹಾಕುವ ಮೊದಲೇ ವಾರಿಜ ತನ್ನ ಬಳೆಯಿಂದ ಒಂದು ಪಿನ್ನು ಬಿಡಿಸಿ ಚಾಚಿದಳು. ಅದು ನಾನು ಕೊಟ್ಟದ್ದೇ ಹೌದೋ ಅಲ್ಲವೋ. ಪಿನ್ನುಗಳ ಮುಖವೆಲ್ಲ ಒಂದೇ. ಬಾರಿಗೆ ಚುಚ್ಚಿಕೊಂಡು ತಲೆ ಎತ್ತುವಾಗ ಅವಳು ಕೊಡೆ ಬಿಚ್ಚಿ, ಮಾಸ್ತರರಿಗಿಂತಲೂ ಮುಂದೆ ಸಂಕದ ಮೇಲಿದ್ದಳು.