ಮಂಜವ್ವ ಆರಿಸಿದ ಕಾಯಿ

ಹಾನಗಲ್ಲಿನ ಆಪೂಸ್ ತೋಟಗಳಲ್ಲಿ ಮಾವಿನಕಾಯಿ ಆರಿಸುತ್ತಲೇ ಮಂಜವ್ವನ ತಲೆ ನೆರೆತಿತ್ತು. ಲೋಡು ಯಾವೂರಿಗೆ ಎಂದು ಮೊದಲು ಕೇಳುವಳು. ಹುಬ್ಬಳ್ಳಿಗಾದರೆ ಅರ್ಧ ಹಣ್ಣಾದ ದೋರಗಾಯಿ, ಪುಣೆಗಾದರೆ ಹಸಿರು ಕಾಯಿ, ದಿಲ್ಲಿಗಾದರೆ ಕಲ್ಲಿನಂಥ ಕಾಯಿ. ದೂರ ಹೆಚ್ಚಿದಷ್ಟೂ ಕಾಯಿ ಗಟ್ಟಿ ಇರಬೇಕು, ದಾರಿಯಲ್ಲೇ ಹಣ್ಣಾಗಬೇಕು. ಅದು ಅವಳ ಲೆಕ್ಕ.

ಈ ಸಲ ವ್ಯಾಪಾರಿ ಚನ್ನೇಶ "ದಿಲ್ಲಿಗೆ" ಎಂದ. ಕಲ್ಲಿನಂಥವೇ ಹೋದವು. ಮರುದಿನ ಅಲ್ಲಿಂದ ಫೋನು ಬಂತು: ಇವತ್ತು ಮದುವೆ ಊಟ, ಹಣ್ಣು ಕೇಳಿದರೆ ಉಪ್ಪಿನಕಾಯಿಗೆ ಕಳಿಸಿದ್ದೀರಲ್ಲ!

"ಎಂಥಾ ಕಾಯಿ ಆರಿಸೀಬೇ ಮಂಜವ್ವ? ವಿಮಾನದಾಗ ಕಳಿಸಿದ್ದೆ. ಹುಬ್ಬಳ್ಳಿಯಿಂದ ದಿಲ್ಲಿಗೆ ಎರಡೂವರೆ ತಾಸು!" ಎಂದು ಚನ್ನೇಶ ರೇಗಿದ.

"ಅದನ್ನ ಮೊದಲ ಹೇಳಬೇಕಿಲ್ರಿ ಸಾವ್ಕಾರ್ರ? ದಿಲ್ಲಿ ಅಂದ್ರಿ, ನಾ ಲಾರಿ ಅನ್ಕೊಂಡೆ. ಎಷ್ಟ ದೂರ ಅಂತ ಕಾಯಿಗೇನ್ ಗೊತ್ತು? ಎಷ್ಟ ದಿನ ಅನ್ನೋದಷ್ಟ ಗೊತ್ತು," ಎಂದು ಮಂಜವ್ವ ಅವನಿಗಿಂತ ಜೋರು ಮಾಡಿದಳು.

ಅಂದಿನಿಂದ ಅವಳು ಊರು ಕೇಳುವುದನ್ನೇ ಬಿಟ್ಟಳು. "ತಿನ್ನೋರ ಕೈಗೆ ಯಾವಾಗ ಸಿಗತೈತ್ರಿ?" ಎಂದಷ್ಟೇ ಕೇಳುವಳು. ದಿಲ್ಲಿಯ ಎರಡನೆಯ ಲೋಡಿಗೆ ಬಣ್ಣ ತಿರುಗಿದ ಹಣ್ಣನ್ನೇ ತುಂಬಿದಳು.

ಅದೇ ಸಂಜೆ ಮಗಳು ಸುಜಾತಾಳಿಗೆಂದು ಒಂದು ಬುಟ್ಟಿ ಬೇರೆ ಇಟ್ಟಳು. ಸುಜಾತಾಳ ಗಂಡನ ಮನೆ ಇಲ್ಲೇ ಹಿರೇಕೆರೂರಿನ ಕಡೆ, ಅಬಲೂರು. ಬೆಳಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದು. ಆದರೆ ಮಾವಿನ ಸುಗ್ಗಿ ಮುಗಿಯುವತನಕ ಮಂಜವ್ವನಿಗೆ ಒಂದು ದಿನದ ಬಿಡುವೂ ಇಲ್ಲ, ಮುಗಿದ ಮೇಲೇ ಹೊರಡಬೇಕು.

ಆ ಬುಟ್ಟಿಗೆ ಅವಳು ಆರಿಸಿದ್ದು ತೋಟದಲ್ಲೇ ಅತಿ ಗಟ್ಟಿ ಕಾಯಿ.