ಸಮುದ್ರ ಕೇಳಿಸುವ ಹಡಗು

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಟ್ರಾವೆಲ್ಸ್ ಆಫೀಸು. ಒಂದು ಮಧ್ಯಾಹ್ನ ಹತ್ತಿರದ ಮರಳಿ ಊರಿನಿಂದ ನಿವೃತ್ತ ಮಾಸ್ತರು ಶಿವಪ್ಪನವರು ಹೆಂಡತಿ ಗೌರಮ್ಮನವರ ಕೈ ಹಿಡಿದುಕೊಂಡು ಬಂದರು. ಮುಂಬೈಯಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ಮೂರು ದಿನ ಹೋಗಬೇಕಂತೆ. ಬೇರೆ ಬೇರೆ ಕಂಪನಿಗಳ ಎರಡು ಹಡಗುಗಳಿದ್ದವು, ಗಾತ್ರ ಹೆಚ್ಚುಕಡಿಮೆ ಒಂದೇ. ನಾನು ಕಂಪ್ಯೂಟರನ್ನು ಅವರತ್ತ ತಿರುಗಿಸಿದೆ.

"ಇದರಾಗ ಈಜುಕೊಳ ದೊಡ್ಡದೈತಿ ನೋಡ್ರಿ. ಅದರಾಗ ಲೈಟಿನ ಅಲಂಕಾರ ಭಾಳ ಛಲೋ ಐತಿ, ನೋಡ್ರಿ."

ಗೌರಮ್ಮ ಮೆಲ್ಲಗೆ ಹೇಳಿದರು, "ಅವರಿಗೆ ಕಣ್ಣು ಕಾಣಂಗಿಲ್ರಿ."

ನಾನು ನಾಲಿಗೆ ಕಚ್ಚಿಕೊಂಡೆ. ಮಾಸ್ತರು ನಕ್ಕರು. "ಇರ್ಲಿ ಬಿಡ್ರಿ. ಸಾಲ್ಯಾಗ ಸಮುದ್ರದ ಪಾಠ ಎಷ್ಟು ಸಲ ಮಾಡೀನೋ, ಒಮ್ಮೆನೂ ಹತ್ರ ಹೋಗಿಲ್ಲ. ಅದರ ಸಪ್ಪಳ ಯಾವ ಹಡಗಿನ್ಯಾಗ ಛಲೋ ಕೇಳಸ್ತೈತಿ, ಅಷ್ಟು ಹೇಳ್ರಿ."

ಅದು ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ. ಎರಡೂ ಕಂಪನಿಗಳಿಗೆ ಫೋನ್ ಮಾಡಿದೆ. ಒಂದು ಕಡೆಯವರು ಊಟದ ಬಗೆಗಳನ್ನು ಓದಿ ಹೇಳತೊಡಗಿದರು. ಇನ್ನೊಂದು ಕಂಪನಿಯ ಹೆಣ್ಣುಮಗಳು ತಿರುಗಿ ಫೋನ್ ಮಾಡುತ್ತೇನೆ ಎಂದಳು. ಆಮೇಲೆ ಹಡಗಿನಲ್ಲಿ ಕೆಲಸ ಮಾಡುವವರನ್ನೇ ವಿಚಾರಿಸಿ, ಕೆಳಗಿನ ಅಂತಸ್ತಿನ ಬಾಲ್ಕನಿ ಇರುವ ಕೋಣೆಗೆ ಅಲೆ ಬಡಿಯುವುದು ಚೆನ್ನಾಗಿ ಕೇಳುತ್ತದೆ ಎಂದು ತಿಳಿಸಿದಳು. ಅದನ್ನೇ ಬುಕ್ ಮಾಡಿಕೊಟ್ಟೆ.

ತಿರುಗಿ ಬಂದಾಗ ಗೌರಮ್ಮ ದೂರಿದರು, "ಊಟಕ್ಕ ಕರದ್ರೂ ಬಾಲ್ಕನಿ ಬಿಟ್ಟು ಏಳಲಿಲ್ರಿ ಇವರು." ಮಾಸ್ತರ ಮುಖ ಅರಳಿತ್ತು.

ಈಗ ನಮ್ಮ ಕಡೆ ಯಾರೇ ಹಡಗು ಹತ್ತುವುದಿದ್ದರೂ, ಯಾವುದು ಛಲೋ ಎಂದು ಮೊದಲು ಮಾಸ್ತರನ್ನೇ ಕೇಳುತ್ತಾರೆ. ನನ್ನ ಹತ್ತಿರ ಬರುವುದು ಬರೀ ಟಿಕೆಟಿಗೆ.