ಪ್ರಿಯದರ್ಶಿನಿ ಬಾಯಿಯ ಕನ್ನಡ ಪರೀಕ್ಷೆ

ಪ್ರಿಯದರ್ಶಿನಿ ಹುಟ್ಟಿದ್ದು ಚಡಚಣದಾಚೆಯ ಗಡಿ ಹಳ್ಳಿಯಲ್ಲಿ, ಓದಿದ್ದು ಮರಾಠಿ ಶಾಲೆಯಲ್ಲಿ, ನರ್ಸಿಂಗ್ ಕಲಿತದ್ದು ಸೊಲ್ಲಾಪುರದಲ್ಲಿ. ಮದುವೆಯಾಗಿ ಇಂಡಿ ಕಡೆ ಬಂದು, ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಮೇಲೆಯೇ ಅವಳು ಕನ್ನಡ ಕಲಿತದ್ದು. ಅರ್ಧ ಕನ್ನಡ ಅತ್ತೆಯ ಬೈಗುಳದಿಂದ ಬಂತು, ಉಳಿದರ್ಧ ಹೆರಿಗೆಗೆ ಬಂದ ಹೆಂಗಸರಿಂದ. ನೋವು ತಿನ್ನುತ್ತಿರುವವಳಿಗೆ ಧೈರ್ಯ ಹೇಳುವಾಗ ಶಬ್ದ ಹುಡುಕುತ್ತ ನಿಲ್ಲಲು ಆಗುವುದಿಲ್ಲ. ಬಾಯಿಗೆ ಬಂದದ್ದನ್ನು ಆಡಿ ಆಡಿಯೇ ಅವಳ ನಾಲಿಗೆ ಪಳಗಿತು. ಊರವರೆಲ್ಲ ಗೌರವದಿಂದ ಬಾಯಾರ ಎಂದು ಕರೆಯುತ್ತಿದ್ದ ಅವಳು ಮರಾಠಿ ಮನೆಯವಳೆಂದರೆ ಹೊಸಬರು ನಂಬುತ್ತಿರಲಿಲ್ಲ.

ಆದರೆ ನೌಕರಿ ಕಾಯಂ ಆಗಬೇಕಾದರೆ ಅವಳು ಕನ್ನಡ ಪರೀಕ್ಷೆ ಪಾಸಾಗಬೇಕಿತ್ತು. ಕೇಂದ್ರದ ರಿಜಿಸ್ಟರು ತುಂಬುತ್ತ ಅಕ್ಷರ ಕಲಿತದ್ದೇ ಸಾಕು, ಅದೇನು ಮಹಾ ಎಂದು ಪುಸ್ತಕ ಮುಟ್ಟದೆ ಹೋಗಿ ಕುಳಿತಳು. ಪ್ರವಾಸ ಹೋಗಿ ಬಂದದ್ದನ್ನು ವರ್ಣಿಸಿ ಗೆಳತಿಗೆ ಪತ್ರ ಬರೆಯಿರಿ ಎಂದು ಪ್ರಶ್ನೆಯಿತ್ತು. ಲಚ್ಯಾಣಕ್ಕ ಹೋಗಿದ್ವಿ, ಮಠ ಚಲೋ ಐತಿ, ಊಟ ಬಾಳ ರುಚಿ ಇತ್ತು ಎಂದು ಮಾತಾಡಿದಂತೆಯೇ ಬರೆದಳು. ನಪಾಸಾಯಿತು. ಚಡಚಣದಲ್ಲಿ ದ್ರಾಕ್ಷಿ ಬೆಳೆಗಾರರಿಗೆ ಔಷಧಿ ಮಾರುವ ಗಂಡ ಅರುಣಕುಮಾರ ಇದನ್ನು ಕೇಳಿ ನಕ್ಕ. ಆ ವಾರ ಅವನ ತಾಟಿಗೆ ಬಿಸಿ ರೊಟ್ಟಿ ಬೀಳಲಿಲ್ಲ.

ಆ ಸಿಟ್ಟು ಆರುವ ಮೊದಲೇ ಇನ್ನೊಂದು ಪ್ರಸಂಗ ನಡೆಯಿತು. ಡಾಕ್ಟರರು ರಜೆಯಲ್ಲಿದ್ದಾಗ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂತು: ‘ಲಸಿಕಾ ಕಾರ್ಯಕ್ರಮವನ್ನು ಮುಂದೂಡಲಾಗಿದೆ.’ ಪ್ರಿಯದರ್ಶಿನಿ ಅಕ್ಷರ ಕೂಡಿಸಿ ಓದಿದಳು. ಮುಂದೆ ಅಂದಮೇಲೆ ಮುಂದೆ ನಡೆಯಲಿ ಎಂದೇ ಇರಬೇಕು ಎಂದುಕೊಂಡು ಆಶಾ ಕಾರ್ಯಕರ್ತೆ ಹನಮವ್ವನನ್ನು ಊರಲ್ಲಿ ಹೇಳಿ ಬರಲು ಕಳಿಸಿದಳು. ಮರುದಿನ ತಾಯಂದಿರು ಹೊಲದ ಕೆಲಸ ಬಿಟ್ಟು, ಕೂಸುಗಳನ್ನು ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತರು. ಮಧ್ಯಾಹ್ನವಾದರೂ ಲಸಿಕೆಯ ಡಬ್ಬಿ ಬರಲಿಲ್ಲ. ಕಡೆಗೆ ಹನಮವ್ವ ಆ ಕಾಗದ ಇಸಿದುಕೊಂಡು ಓದಿದಳು.

“ಬಾಯಾರ, ಮುಂದ ಹಾಕೇವಿ ಅಂತ ಬರದಾರ್ರಿ. ಇವತ್ತ ಇಲ್ರಿ ಇದು,” ಎಂದಳು.

ತಾಯಂದಿರು ಗೊಣಗುತ್ತ ಹೋದರು. ಮುಂದ ಹಾಕೇವಿ ಎಂದೇ ಬರೆದಿದ್ದರೆ ಆ ಕಚೇರಿಯವರ ಗಂಟೇನು ಹೋಗುತ್ತಿತ್ತು ಎಂದು ಪ್ರಿಯದರ್ಶಿನಿ ಸಂಜೆಯವರೆಗೆ ಸಿಡುಕಿದಳು. ಆದರೆ ಬಿಸಿಲಲ್ಲಿ ಕೂಸುಗಳನ್ನು ಕೂಡಿಸಿದವಳು ತಾನೇ ಎಂಬುದು ಒಳಗೆ ಚುಚ್ಚುತ್ತಿತ್ತು. ಮುಂದಿನ ಭಾನುವಾರ ಇಂಡಿಗೆ ಹೋಗಿ, ನಿವೃತ್ತ ಕನ್ನಡ ಮಾಸ್ತರ ಸಿದ್ದಾರೂಢರ ಮನೆ ಬಾಗಿಲು ಬಡಿದಳು.

ಮಾಸ್ತರರು ಒಂದು ಉದ್ದನೆಯ ವಾಕ್ಯ ಓದಿ, ತಿರುಗಿ ಹೇಳು ಎಂದರು. ರಾಗ ಸಹಿತ ಒಪ್ಪಿಸಿದಳು. ಬರೆ ಎಂದಾಗ ಮೂರನೆಯ ಶಬ್ದಕ್ಕೇ ಪೆನ್ನು ನಿಂತಿತು.

“ನಿನ್ನ ಕಿವಿ ಚುರುಕ ಐತಿ ತಂಗಿ, ಕಣ್ಣಿಗಿ ರೂಢಿ ಇಲ್ಲ,” ಎಂದರು. ಕೆಲವರಿಗೆ ಭಾಷೆ ಕಿವಿಯಿಂದ ಹತ್ತುತ್ತದೆ, ಕೆಲವರಿಗೆ ಕಣ್ಣಿನಿಂದ, ಪರೀಕ್ಷೆ ಬರೆಯುವವರಿಗೆ ಕಣ್ಣು ಬೇಕು ಎಂದು ವಿವರಿಸಿದರು.

ಅಂದಿನಿಂದ ತಿದ್ದುವ ಕೆಲಸ ಸುರುವಾಯಿತು. ಐತಿ ಹೋಗಿ ಇದೆ ಆಯಿತು, ಬಾಳ ಹೋಗಿ ಬಹಳ ಆಯಿತು, ಹೊಂಟೇವಿ ಹೋಗಿ ಹೊರಟಿದ್ದೇವೆ ಆಯಿತು. ಮಾಸ್ತರರು ನಡುನಡುವೆ ಹಳಗನ್ನಡದ ಕಡೆ ಹರಿದು ಹೋಗುತ್ತಿದ್ದರು. ಅವಳು ಬಸ್ಸಿನ ಹೊತ್ತು ನೋಡುತ್ತಿದ್ದಳು. ಮರಾಠಿ ಒಂದು, ಆಡುವ ಕನ್ನಡ ಎರಡು, ಈ ಪುಸ್ತಕದ ಕನ್ನಡ ತನಗೆ ಮೂರನೆಯ ಭಾಷೆ ಎಂದು ಒಮ್ಮೆ ಬೇಸತ್ತು ಹೇಳಿಯೂ ಬಿಟ್ಟಳು.

ಮುಂದಿನ ಸಲ ಬರವಣಿಗೆಯಲ್ಲಿ ಪಾಸಾದಳು. ಆಮೇಲೆ ಮೌಖಿಕ ಪರೀಕ್ಷೆ. ದಕ್ಷಿಣದ ಕಡೆಯ ಪರೀಕ್ಷಕರು ಸಂತೆಯ ಚಿತ್ರವೊಂದನ್ನು ಮುಂದಿಟ್ಟು, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಇದರ ಬಗ್ಗೆ ಮಾತನಾಡಿ ಎಂದರು. ಸಂತ್ಯಾಗ ಮಂದಿ ಬಾಳ ಕೂಡ್ಯಾರ ಎಂಬುದು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿ, ಸಂತೆಯಲ್ಲಿ ಎಂದಳು. ಮಂದಿಗೆ ಜನರು ಎನ್ನಬೇಕು ಎಂದು ನೆನಪಾಯಿತು. ಕೂಡ್ಯಾರ ಎಂಬುದಕ್ಕೆ ಏನೆನ್ನಬೇಕೋ ಹುಡುಕುವಷ್ಟರಲ್ಲಿ ಹೊತ್ತು ಮುಗಿಯಿತು. ಪರೀಕ್ಷಕರು ಒಳ್ಳೆಯವರೇ. ನಿಮಗೆ ಶಬ್ದಗಳು ಗೊತ್ತಿವೆ, ನಿರರ್ಗಳತೆ ಸಾಲದು, ಕನ್ನಡದವರ ಜೊತೆ ಸ್ವಲ್ಪ ಮಾತನಾಡಿ ರೂಢಿ ಮಾಡಿಕೊಳ್ಳಿ ಎಂದು ಬುದ್ಧಿ ಹೇಳಿದರು.

ಅವಳಿಗೆ ತಡೆಯಲಾಗಲಿಲ್ಲ.

“ಸರ್, ಮುಂಜಾನಿಂದ ಸಂಜೀತನಕ ನಾ ಮಾಡೂದ ಅದನ್ರಿ. ನಿಮ್ಮ ಮುಂದ ತಪ್ಪಬಾರ್ದು ಅಂತ ಒಂದೊಂದ ಶಬ್ದ ತಿರುವಿ ಹಾಕಾಕ ಹೋಗಿ ಬಾಯಿ ಕಟ್ಟೇತಿ. ಈಗ ಹೇಳ್ತೇನಿ, ಕೇಳ್ರಿ.”

ಚಿತ್ರದಲ್ಲಿದ್ದ ಬದನೆಕಾಯಿ ಮಾರುವವಳಿಂದ ಹಿಡಿದು ಮೂಲೆಯ ನಾಯಿಯವರೆಗೆ ಒಂದೇ ಉಸಿರಿಗೆ ವರ್ಣಿಸಿದಳು. ಪರೀಕ್ಷಕರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಸಮಯ ಆಗಲೇ ಮುಗಿದಿದೆ ಎಂದು ಮುಂದಿನವರನ್ನು ಕರೆದರು. ಮೌಖಿಕದಲ್ಲಿ ನಪಾಸು.

ಮೂರನೆಯ ಸಲ ಹೋದಾಗ ಎದುರಿಗೆ ಕುಳಿತವರು ಸಿಂದಗಿಯ ಉಪನ್ಯಾಸಕಿ ರಾಜೇಶ್ವರಿ. ಆದದ್ದಾಗಲಿ ಎಂದು ಪ್ರಿಯದರ್ಶಿನಿ ಯಾವುದನ್ನೂ ತಿರುವಿ ಹಾಕದೆ ತನ್ನ ಮಾತಿನಲ್ಲೇ ಮಾತಾಡಿದಳು. ರಾಜೇಶ್ವರಿಯವರು ಚಿತ್ರ ಸರಿಸಿಟ್ಟು, ಹೆರಿಗೆ ಕೋಣೆಯ ಕೆಲಸ ಹೇಗಿರುತ್ತದೆ ಎಂದು ಕೇಳಿದರು, ನಕ್ಕರು, ಗಡಿಯಾರ ನೋಡುವುದನ್ನೇ ಮರೆತರು. ಫಲಿತಾಂಶ ಬಂದಾಗ ಅವಳಿಗೆ ತುಂಬಾ ಒಳ್ಳೆಯ ಅಂಕ ಬಂದಿದ್ದವು.

ಪೇಢೆ ಹಿಡಿದು ಮಾಸ್ತರರ ಮನೆಗೆ ಹೋದವಳ ಮುಖದಲ್ಲಿ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಿತ್ತು. ಎರಡು ಮೌಖಿಕ ಪರೀಕ್ಷೆಗಳ ನಡುವೆ ತಾನು ಹೊಸದಾಗಿ ಏನೂ ಕಲಿತಿಲ್ಲ, ಬದಲಾದದ್ದು ಮೇಜಿನಾಚೆಯ ಮನುಷ್ಯರು ಮಾತ್ರ ಎಂದಳು.

“ಪರೀಕ್ಷಾ ಅಳದದ್ದ ನನ್ನನ್ನೋ, ಅವರನ್ನೋ ಸರ್?”

ಬಹಳ ವರ್ಷ ಉತ್ತರಪತ್ರಿಕೆ ತಿದ್ದಿದವರು ಸಿದ್ದಾರೂಢ ಮಾಸ್ತರರು. ಪೇಢೆ ಮುರಿದು ಬಾಯಿಗೆ ಹಾಕಿಕೊಂಡು, ಒಂದೇ ಉತ್ತರಕ್ಕೆ ಇಬ್ಬರು ಎರಡು ರೀತಿ ಅಂಕ ಹಾಕುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಅದಕ್ಕೇ ಇಬ್ಬರು ನೋಡಬೇಕು ಅನ್ನುತ್ತಾರೆ, ಆದರೆ ಯಾರಿಗೆ ಪುರಸೊತ್ತು ಎಂದರು. ಅವಳು ಚಹಾ ಸಹ ಕುಡಿಯದೆ ಎದ್ದು ಬಂದಳು.

ಮನೆಗೆ ಬಂದು, ಇವತ್ತು ಈ ಮನೆಯಲ್ಲಿ ಕನ್ನಡ ಬೇಡ ಎಂದು ಗಂಡನಿಗೆ ಹೇಳಿದಳು. ಅರುಣಕುಮಾರ ಖುಷಿಯಿಂದಲೇ ಒಪ್ಪಿದ. ಗಡಿಯಾಚೆಯ ಗಿರಾಕಿಗಳಿಂದ ಕಲಿತ ಮರಾಠಿ ಅವನಿಗೂ ಇತ್ತು. ಅವಳು ಕೊಟ್ಟ ಚಹಾ ಒಂದು ಗುಟುಕು ಕುಡಿದು, “ಚಹಾ ಚಾಂಗಲೀ ಝಾಲೀ,” ಎಂದ. ಚಹಾ ಚೆನ್ನಾಗಿ ಆಗಿದೆ ಎಂದು ಅದರ ಅರ್ಥ. ಮರಾಠಿಯಲ್ಲಿ ಚಹಾ ಗಂಡು. ಮದುವೆಯಾದಾಗಿನಿಂದ ಅವನು ಅದನ್ನು ಹೆಣ್ಣು ಮಾಡುತ್ತ ಬಂದಿದ್ದ, ಅವಳು ಒಂದು ದಿನವೂ ತಿದ್ದಿರಲಿಲ್ಲ.

“ಚಾಂಗಲಾ ಝಾಲಾ,” ಎಂದು ತಿದ್ದಿದಳು.

ಅವನು ಅಂಗಡಿಯ ಸುದ್ದಿ ತೆಗೆದ. ಅದರಲ್ಲೂ ಒಂದು ತಪ್ಪಾಯಿತು, ತಿದ್ದಿದಳು. ಮತ್ತೊಂದು ವಾಕ್ಯಕ್ಕೂ ಹಾಗೆಯೇ ಆದಾಗ ಅವನು ಕಪ್ಪು ಕೆಳಗಿಟ್ಟು ಕನ್ನಡಕ್ಕೇ ತಿರುಗಿದ.

“ನಾ ಏನಂದೆ ಅಂತ ನಿನಗ ತಿಳೀತಿಲ್ಲೋ?”

“ತಿಳೀತ್ರಿ. ಆದ್ರ ತಪ್ಪ ಐತಿ,” ಎಂದಳು ಪ್ರಿಯದರ್ಶಿನಿ.

ಅವನು ಉಳಿದ ಚಹಾವನ್ನು ಯಾವ ಭಾಷೆಯಲ್ಲೂ ಮಾತಾಡದೆ ಕುಡಿದು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ.